ಡಬ್ಬಿ ಹಿಡಿಯುವ ಸರದಿ

ನಾಟಕದಲ್ಲಿ ನಾನು ಭಿಕ್ಷುಕಿ.
ಎರಡನೇ ಅಂಕದಲ್ಲಿ ಸೆರಗೊಡ್ಡಿ ಕೂಗುತ್ತೇನೆ:
ಒಂದು ಹಿಡಿ ಅಕ್ಕಿ, ತಾಯೀ!
ಹಿಂದಿನ ಸಾಲಿನ ಕೆಮ್ಮು ಕೂಡ ನಿಲ್ಲುತ್ತದೆ.
ಒಂದು ಸಲವೂ ನಾಲಗೆ ತೊದಲಿಲ್ಲ.

ಪರದೆ ಬಿದ್ದ ಮೇಲೆ
ಬಣ್ಣ ಅರ್ಧ ಒರೆಸಿ, ಸ್ವೆಟರ್ ತೊಟ್ಟು,
ಹಾರ್ಲಿಕ್ಸ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ
ಬಾಯಿ ಅಂಟಿಕೊಳ್ಳುತ್ತದೆ.
ಅಂದರೆ... ತಮಗೆ ತೊಂದರೆಯಿಲ್ಲದಿದ್ದರೆ...
ಇಲ್ಲದಿದ್ದರೂ ಪರವಾಗಿಲ್ಲ...
ಪರವಾಗಿಲ್ಲ ಅಂದದ್ದನ್ನು ಜನ ನಂಬುತ್ತಾರೆ,
ಪಾಪ, ನಂಬದೆ ಏನು ಮಾಡಿಯಾರು?
ಟಾರ್ಚ್ ಹೊತ್ತಿಸಿಕೊಂಡು ಇಳಿಜಾರು ಇಳಿಯುತ್ತಾರೆ.

ಆ ರಾತ್ರಿ ಡಬ್ಬಿಯಲ್ಲಿ ನೂರ ನಲವತ್ತು ರೂಪಾಯಿ,
ಒಂದು ಗುಂಡಿ.
ಜನರೇಟರಿನ ಹಂಸ ಅದನ್ನು ಬೆಳಕಿಗೆ ಹಿಡಿದು
"ಒಳ್ಳೇ ಕೋಟಿನದು" ಎಂದ.
ತನ್ನ ಬಾಡಿಗೆಯ ಮಾತೆತ್ತಲಿಲ್ಲ.
ಅವನಿಗೂ ನನ್ನದೇ ಕಾಯಿಲೆ.

ಶುಕ್ರವಾರ, ಮಡಿಕೇರಿ ಸಂತೆ.
ಕಾಚಂಪುಳಿಯ ಬೊಳ್ಳವ್ವ ಬಾಟಲಿ ಕೊಟ್ಟವಳು
ಬಾಟಲಿಯ ಕತ್ತು ಬಿಡಲಿಲ್ಲ.
"ನಿನ್ನ ಮನೆಯಲ್ಲಿ ಖಾಲಿ ಎಷ್ಟಿವೆ?"
ಮನಸ್ಸಿನಲ್ಲೇ ಎಣಿಸಿದೆ. ನಾಲ್ಕು. ಅಲ್ಲ, ಐದು.
"ತಾ. ಕಿಟಕಿಯಲ್ಲಿ ಕೂತು ಅವಕ್ಕೇನು ಕೆಲಸ?
ಮಳೆ ಹಿಡಿದರೆ ಹಣ್ಣು ಬೀಳುತ್ತೆ,
ನನಗೆ ಮೂವತ್ತು ಬೇಕು, ಹನ್ನೊಂದು ಬಂದಿದೆ.
ಮುಚ್ಚಳ ಇದ್ದರೆ ಮುಚ್ಚಳಾನೂ."

ಇದೇ ಮಾತು ಪೊಲೀಸಿನವನಿಗೂ,
ಹಂದಿಮಾಂಸದ ಪೊಟ್ಟಣ ಹಿಡಿದ ಮೇಷ್ಟರಿಗೂ.
ದನಿ ಸಣ್ಣದಾಗಲಿಲ್ಲ, ದೊಡ್ಡದೂ ಆಗಲಿಲ್ಲ.
ಇಲ್ಲ ಅಂದವನಿಗೆ ಸರಿ ಅಂದಳು,
ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟಳು.

ನಾಚಿಕೆ ಆಗಲ್ವಾ ಅವ್ವಾ, ಕೇಳೋದಕ್ಕೆ?
ಅವಳಿಗೆ ಪ್ರಶ್ನೆ ಹತ್ತಲಿಲ್ಲ.
"ಯಾಕೆ? ಹುಳಿ ಕೆಟ್ಟಿತ್ತಾ?"

ಗುಡ್ಡ ಹತ್ತುವಾಗಲೂ ಅದೇ ಮಾತು ಜೊತೆಗೆ ಬಂತು.
ನಮ್ಮ ಹುಳಿ ಕೆಟ್ಟಿದೆಯಾ?
ಮೂರು ತಿಂಗಳು, ಶಾಲೆ ಬಿಟ್ಟ ಮೇಲೆ,
ಸೀಮೆಸುಣ್ಣದ ಧೂಳಿನ ಕೋಣೆಯಲ್ಲಿ
ಕುದಿಸಿ ಕುದಿಸಿ ಕಪ್ಪಾಗಿಸಿದ್ದು.
ಎರಡನೇ ಅಂಕ ಕೊಂಚ ಉದ್ದ, ಒಪ್ಪುತ್ತೇನೆ.
ಕೆಟ್ಟಿಲ್ಲ.

ಮುಂದಿನ ಆಟದ ರಾತ್ರಿ
ಬಣ್ಣ ಪೂರ್ತಿ ಒರೆಸಿಕೊಂಡೆ,
ಭಿಕ್ಷುಕಿ ಬಾಗಿಲ ತನಕ ಬರಬಾರದು.
"ಹಂಸನಿಗೆ ಎರಡು ಸಾವಿರದ ಆರುನೂರು ಕೊಡಬೇಕು.
ನೀವು ಈಗ ನೋಡಿದ ಬೆಳಕು ಅವನದು.
ಮುಂದಿನ ತಿಂಗಳೂ ಆಡಬೇಕೆಂದಿದ್ದೇವೆ.
ಕೊಡಿ."
ಪರವಾಗಿಲ್ಲ ಹಲ್ಲಿನ ತನಕ ಬಂತು.
ನುಂಗಿದೆ.

ಕೆಲವರು ಟಾರ್ಚ್ ಹೊತ್ತಿಸಿದರು. ಸರಿ.
ಒಬ್ಬರು ಎರಡು ಸಲ ಜೇಬು ತಡವಿ
ನಾಳೆ ಅಂಗಡಿಗೆ ಬಾ ಎಂದರು. ಸರಿ.
ಕೋಟಿನ ಹಿರಿಯರೊಬ್ಬರು ಐನೂರರ ನೋಟು ತುರುಕಿ
ಡಬ್ಬಿಯೊಳಗೇ ಬಗ್ಗಿ ನೋಡಿದರು:
"ಹೋದ ಸಲ ಇದರಲ್ಲಿ ನನ್ನದೊಂದು ಗುಂಡಿ ಬಿತ್ತಾ?"

ಹಂಸ ಪರ್ಸಿನಿಂದ ತೆಗೆದು ಕೊಟ್ಟ.
ಕೊಟ್ಟು, ಗಂಟಲು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ
"ಟೀಚರ್, ಆ ಬಾಕಿ..." ಎಂದ.
ಅಲ್ಲೇ ಮೆಟ್ಟಿಲ ಮೇಲೆ ಕೂತು ಎಣಿಸಿದೆವು.
ಇನ್ನೂ ನಾನೂರು ಕಡಿಮೆ.

ಐದು ಬಾಟಲಿ ತೊಳೆದು ಬೋರಲು ಹಾಕಿದ್ದೇನೆ.
ಒಂದಕ್ಕೆ ಮುಚ್ಚಳವಿಲ್ಲ.