ಒಂದು ಬೆರಳಿನಷ್ಟು

ಕೆಮಿಯಾರ್ವಿಯ ನಗರಸಭೆ ಕಚೇರಿ.
ನವೆಂಬರಿನ ಕೊನೆ, ಮಧ್ಯಾಹ್ನ ಎರಡೂವರೆಗೇ ಕತ್ತಲು.
ದೀಪ ಹಾಕಿಕೊಂಡು ನಾನು
ಶಿಶುವಿಹಾರದ ಗೋಡೆಯೊಂದಕ್ಕೆ ಕೊಕ್ಕೆ ಬರೆಯುತ್ತಿದ್ದೇನೆ,
ಕೋಟು ತೂಗುಹಾಕುವ ಕೊಕ್ಕೆ. ಅಷ್ಟೇ ಕೆಲಸ.

ಗೋಡೆ ಐದು ಸಾವಿರದ ನಾನೂರು ಮಿಲಿಮೀಟರು.
ಮಕ್ಕಳು ಹದಿನೇಳು.
ಹದಿನೇಳು ಕೊಕ್ಕೆಗೆ ಹದಿನೆಂಟು ಪಾಲು:
ಮೊದಲ ವಾರ ಇದನ್ನೇ ತಪ್ಪು ಮಾಡಿದ್ದೆ.
ಟೌನೋ ನಗಲಿಲ್ಲ. ಅಂಗೈ ಎತ್ತಿ ಬೆರಳು ಅಗಲಿಸಿದ.
"ಐದು ಬೆರಳು, ಸಂದು ಎಷ್ಟು?"
ನಾಲ್ಕು ಅಂದೆ.
"ಆಚೀಚೆಯ ಗಾಳಿಯನ್ನೂ ಎಣಿಸು."

ಡಿವೈಡ್ ಎಂದು ಟೈಪು ಮಾಡಿ, ಗೆರೆ ಮುಟ್ಟಿ,
ಹದಿನೆಂಟು ಎಂದೆ. ಎಂಟರ್.
ಪರದೆಯಲ್ಲಿ ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಅನ್ನಿಸುವುದೇ ಅದರ ಗುಣ.
ಚುಕ್ಕಿಗಳು ಬಿದ್ದಿರುತ್ತವೆ ಗೆರೆಯ ಮೇಲೆ, ಗೆರೆಯದೇ ಬಣ್ಣದಲ್ಲಿ,
ಹಿಮದಲ್ಲಿ ಕೂತ ಬಿಳಿ ಮೊಲಗಳು.
ಚುಕ್ಕಿಯ ರೂಪ ಬದಲಿಸಬೇಕು.
ಪಟ್ಟಿ ತೆರೆದು ಕತ್ತರಿ ಗುರುತು ಆರಿಸಿದೆ;
ಹದಿನೇಳೂ ಎದ್ದು ನಿಂತವು
ಹಾಜರಿ ಕೂಗಿದ ಹಾಗೆ.

ಪಾಲು ಮಾಡುವ ಆಜ್ಞೆಯೇ ಇದು,
ಆದರೆ ಅಣ್ಣತಮ್ಮಂದಿರ ಪಾಲಿನಂತಲ್ಲ.
ಗೆರೆ ತುಂಡಾಗುವುದಿಲ್ಲ.
ಇಡಿಯಾಗಿಯೇ ಇದ್ದು
ಎಲ್ಲಿ ಕಡಿಯಬಹುದಿತ್ತು ಎಂದಷ್ಟೇ ಹೇಳುತ್ತದೆ.

ಇನ್ನೊಂದಿದೆ, ಮೆಷರ್: ಬಟ್ಟೆ ಅಂಗಡಿಯ ಮೊಳಕೋಲು.
ಇಷ್ಟಿಷ್ಟಕ್ಕೊಂದು ಅಂತ ಅಳೆಯುತ್ತ ಹೋಗಿ
ಉಳಿದ ತುಣುಕನ್ನು ಮೂಲೆಗೆ ತಳ್ಳುತ್ತದೆ.
ಗೆರೆಯನ್ನು ಯಾವ ತುದಿಯ ಹತ್ತಿರ ಮುಟ್ಟಿದೆಯೋ
ಅಲ್ಲಿಂದ ಶುರು. ನಷ್ಟವೆಲ್ಲ ಆಚೆ ತುದಿಗೆ.

ಟೌನೋನ ಕಾಲಕ್ಕೆ ಇದ್ದದ್ದು ಕೈವಾರ.
ಉಕ್ಕಿನ ಎರಡು ಕಾಲು, ಅಂದಾಜಿನ ಹೆಜ್ಜೆ;
ಕೊನೆಯ ಹೆಜ್ಜೆ ಗೆರೆ ದಾಟಿದರೆ ವಾಪಸು ಬಂದು
ಕೂದಲೆಳೆಯಷ್ಟು ಕಾಲು ಕೂಡಿಸಿ
ಮತ್ತೆ ಮೊದಲಿನಿಂದ ನಡೆಯಬೇಕು.
ಹಳೆಯ ನಕ್ಷೆಯೊಂದನ್ನು ಕಿಟಕಿಗೆ ಹಿಡಿದು ತೋರಿಸಿದ:
ಸೇತುವೆಯ ಕಟಕಟೆಯುದ್ದಕ್ಕೂ ಸೂಜಿ ತೂತು,
ಸೋತ ಹೆಜ್ಜೆಗಳೂ ಸೇರಿ,
ಒಂದೊಂದರಲ್ಲೂ ಬೀದಿದೀಪ.
"ನಿನ್ನದರಲ್ಲಿ ತಪ್ಪಿದ್ದು ಎಲ್ಲಿ ಉಳಿಯುತ್ತೆ?"
ಕಂಟ್ರೋಲ್ ಝಡ್ ಎನ್ನಲು ಬಾಯಿ ಬರಲಿಲ್ಲ.

ಮೂರೂವರೆಗೆ ಹಿಲ್ಕಾ ಫೋನು ಮಾಡಿದಳು.
"ಇನ್ನೊಂದು ಸೇರಿಸು, ಸೋಮವಾರ ಬರುತ್ತೆ.
ಹೆಸರು ಇನ್ನೂ ಗೊತ್ತಿಲ್ಲ.
ಬೂಟಿನ ಅಳತೆ ಇಪ್ಪತ್ತಾರು."

ಅಳಿಸಿದೆ. ಹತ್ತೊಂಬತ್ತು ಎಂದೆ. ಎಂಟರ್.
ಮುನ್ನೂರು ಇದ್ದದ್ದು ಇನ್ನೂರ ಎಂಬತ್ತನಾಲ್ಕು ಚಿಲ್ಲರೆ.
ಗೇಣಿನ ಮೇಲೆ ನಾಲ್ಕು ಬೆರಳಿದ್ದದ್ದು
ಗೇಣಿನ ಮೇಲೆ ಮೂರು.
ತಲಾ ಒಂದು ಬೆರಳಿನಷ್ಟು.
"ಸ್ವಲ್ಪ ಸರೀರಿ" ಎಂದಾಗ
ಬಸ್ಸಿನ ಬೆಂಚಿನಲ್ಲಿ ಮಾತು ನಿಲ್ಲಿಸದೆಯೇ ಸರಿಯುತ್ತಾರಲ್ಲ,
ಹಾಗೆ.
ಹೊಸ ಚುಕ್ಕಿ ಯಾವುದೆಂದು ಹುಡುಕಿದೆ.
ಎಲ್ಲವೂ ಸರಿದಿದ್ದರಿಂದ ಗೊತ್ತಾಗಲಿಲ್ಲ.

ಶುಕ್ರವಾರ ಬಡಗಿ ಉರ್ಪೋ ಟೇಪು ಹಿಡಿದು ಬೈದ.
ಗೋಡೆ ಇರುವುದು ಐದು ಸಾವಿರದ ಮುನ್ನೂರ ಎಂಬತ್ತೆಂಟಂತೆ,
ಮಿಕ್ಕ ಹನ್ನೆರಡು ನನ್ನ ಕಂಪ್ಯೂಟರಿನ ಕನಸಂತೆ.
ಆ ಕೊರತೆಯನ್ನು ಬಾಗಿಲ ಚೌಕಟ್ಟಿನ ಬಳಿ
ಎಲ್ಲೋ ಅಡಗಿಸಿದ.
ಎಲ್ಲೆಂದು ನಾನು ಕೇಳಲಿಲ್ಲ.

ಮಂಗಳವಾರ ನೋಡಲು ಹೋದೆ.
ಹದಿನೆಂಟು ಕೊಕ್ಕೆ, ಸಮ ಸಮ,
ಎಂಟು ಖಾಲಿ.
ಬಾಗಿಲ ಹತ್ತಿರದ ಒಂದರಲ್ಲೇ ಮೂರು ಕೋಟು,
ಒಂದರ ತೋಳಿನೊಳಗೆ ಇನ್ಯಾರದೋ ಟೋಪಿ.
ಉಳಿದವು ನೆಲದಲ್ಲಿ, ಕರಗಿದ ಹಿಮದ ನಡುವೆ ರಾಶಿ.
ಇಪ್ಪತ್ತಾರರ ಬೂಟು ಹುಡುಕಿದೆ.

ಇಪ್ಪತ್ತಾರರವು ನಾಲ್ಕು ಜೊತೆ ಇದ್ದವು.