ನೀರಿನ ದೋಣಿಯ ಅಳತೆ

ನಮ್ಮ ಆಫೀಸಿನಲ್ಲೊಬ್ಬ ಮನುಷ್ಯನಿದ್ದಾನೆ, ಹೆಸರಿಲ್ಲ.
ರಬ್ಬರ್ ಸ್ಟ್ಯಾಂಪಿನವನು. ಐದಡಿ ಎಂಟಂಗುಲ,
ಮುಖವಿಲ್ಲ, ಚಪ್ಪಲಿಯಿಲ್ಲ, ಒಂದು ಕಾಲು ತುಸು ಮುಂದೆ.
ಯಾವ ನಕ್ಷೆ ಬರೆದರೂ ಕೊನೆಗೆ
ಅವನನ್ನು ತಂದು ಬದಿಗೆ ಒತ್ತುತ್ತೇವೆ,
ಕಟ್ಟಿದ್ದು ಎಷ್ಟು ದೊಡ್ಡದೆಂದು ತಿಳಿಯಲಿ ಅಂತ.
ಬಾಗಿಲು ಅವನ ನೆತ್ತಿ ನೋಡಿ ಏಳುತ್ತದೆ,
ಕಟಾಂಜನ ಅವನ ಸೊಂಟ ನೋಡಿ ನಿಲ್ಲುತ್ತದೆ,
ಮೆಟ್ಟಿಲು ಅವನ ಮೊಣಕಾಲಿಗೆ ಹೆದರಿ
ಆರಂಗುಲಕ್ಕಿಂತ ಮೇಲೇರುವುದಿಲ್ಲ.

ಈ ಸಲದ ಕೆಲಸ ಹಾವೇರಿಯದು. ದನದ ಪ್ಯಾಟೆಯಲ್ಲಿ
ಒಂದು ನೀರಿನ ದೋಣಿ. ಇಷ್ಟೇ.
ಫಾರ್ಮಿನ ನಾಲ್ಕನೇ ಕಲಂ: ಬಳಕೆದಾರರು ಯಾರು?
ರೈತರು, ದಲಾಲರು, ಸಾರ್ವಜನಿಕರು ಎಂದು ತುಂಬಿ
ಸ್ಟ್ಯಾಂಪು ಒತ್ತಿ
ಧಾರವಾಡದಿಂದ ಆರರ ಬಸ್ಸು ಹತ್ತಿದೆ.

ಗುರುವಾರ. ಗೇಟಿನೊಳಗೆ ಕಾಲಿಟ್ಟರೆ
ಸಾವಿರ ಬಳಕೆದಾರರು ಸಗಣಿ ಹಾಕುತ್ತ ನಿಂತಿದ್ದರು.

ಟೇಪು ಬಿಚ್ಚಿದೆ. ಒಂದು ಹೋರಿ ಮೂಸಿತು, ನೆಕ್ಕಿತು,
ಹನ್ನೆರಡರಿಂದ ಹದಿನಾಲ್ಕರವರೆಗೆ ಅಂಕಿಗಳ ಮೇಲೆ ಜೊಲ್ಲು.
ಎಮ್ಮೆಯ ಗಂಟಲಿನ ಎತ್ತರ ಬರೆದುಕೊಳ್ಳಹೋದೆ.
ತಲೆ ತಗ್ಗಿಸಿದಾಗ ಒಂದು, ಎತ್ತಿದಾಗ ಒಂದು,
ನನ್ನನ್ನು ಕಂಡಾಗ ಇನ್ನೊಂದು.
ನಾನು ಅಂಚು ಎಂದು ಬರೆದದ್ದು ಕರುವಿಗೆ ಗೋಡೆ.
ಕೋಡಿನ ಅಗಲ ಯಾವ ಕೈಪಿಡಿಯಲ್ಲೂ ಇಲ್ಲ.

ಗೌಂಡಿ ಇಮಾಮಹುಸೇನ ಬೀಡಿ ಆರಿಸಿ
ನಕ್ಷೆಯನ್ನು ಬಹಳ ಹೊತ್ತು ನೋಡಿದ,
ಸ್ಟ್ಯಾಂಪಿನವನ ಎದೆಯ ಮೇಲೆ ಹೆಬ್ಬೆರಳಿಟ್ಟ:
‘ಇಂವಾ ಯಾಂವ್ರೀ ಬಾಯಾರ?
ಇಂವಗ ನೀರಡಿಕಿ ಆಗೇತೇನು?’
ಇಲ್ಲ, ಅವನು ಅಳತೆಗೆ ಅಂದೆ.
‘ಹಂಗಾರ ಅತ್ತಾಗ ಸರಸ್ರಿ,
ದನಾ ಬರೂ ದಾರ್‍ಯಾಗ ನಿಂತಾನ.’

ಹಳೆಯ ದೋಣಿಯಲ್ಲಿ ಅವನೇ ಇಟ್ಟ ಒಂದು ಓರೆಗಲ್ಲು,
ಅರ್ಧ ನೀರೊಳಗೆ, ಅರ್ಧ ಬಿಸಿಲಿಗೆ.
ಮುಳುಗುತ್ತಿದ್ದ ಜೇನೊಂದು ಅದನ್ನು ಹಿಡಿದು
ಏರಿ, ರೆಕ್ಕೆ ಒಣಗಿಸಿಕೊಂಡು ಹೋಯಿತು.
ಇದಕ್ಕೇ ಇಟ್ಟೆಯಾ, ಕೇಳಿದೆ ಭಕ್ತಿಯಿಂದ.
‘ಕಲ್ಲ ಉಳದಿತ್ತು. ಇಟ್ಟೆ’ ಎಂದು ನಕ್ಕ.

ಮರಳಿ ಬಂದು ರಾತ್ರಿಯೆಲ್ಲ ತಿದ್ದಿದೆ:
ಅಂಚಿಗೆ ಮೂರು ಎತ್ತರ, ಒಂದು ಬದಿ ಇಳಿಜಾರು,
ಜೇನಿಗೆ ಕಲ್ಲು, ನಾಯಿಗೆ, ಕಪ್ಪೆಗೆ
ಬೇಕೆಂದೇ ಸೋರುವ ಒಂದು ತೂತು.
ಹಂಚಿನಮನಿ ಸರ್ ಕನ್ನಡಕ ಹಣೆಗೇರಿಸಿ
‘ರೇಟಿನ ಪುಸ್ತಕದಾಗ ಜೇನಿಗೆ ಐಟಂ ಇಲ್ಲವಾ,
ಸೋರಿದರ ಬಿಲ್ ಪಾಸ್ ಆಗೂದಿಲ್ಲ’ ಅಂದರು.
ವಾದಿಸಿದೆ. ಎಮ್ಮೆಯ ಪರ, ಜೇನಿನ ಪರ,
ನನ್ನ ದನಿ ನನಗೇ ಚಂದ ಕೇಳಿಸುವಷ್ಟು.

ಆಮೇಲೆ ನಾಲಿಗೆ ಒಣಗಿತು.
ಯಾರು ಕೊಟ್ಟರು ನನಗೆ ಈ ವಕಾಲತ್ತು?
ಅತ್ತ ಟವೆಲ್ಲಿನ ಕೆಳಗೆ ಬೆರಳಿಗೆ ಬೆರಳು ಸಿಕ್ಕಿ
ಬೆಲೆ ಕುದುರುತ್ತಿತ್ತು.
ಸಂಜೆಗೆ ಯಾರದೋ ಲಾರಿ ಹತ್ತುವ ಜೀವಕ್ಕೆ
ಕುಡಿಯುವ ಎತ್ತರ ಸರಿ ಮಾಡಿ
ಬೆನ್ನು ತಟ್ಟಿಕೊಂಡಿದ್ದೆ.

ನೆನಪಾದದ್ದು ಒಂದೇ ಎಮ್ಮೆ. ಸೀಳುಗಿವಿಯದು.
ದೋಣಿಯ ಹತ್ತಿರ ಬಂತು, ಮೂಗು ಅದ್ದಲಿಲ್ಲ,
ಹಗ್ಗ ಹಿಡಿದ ಹುಡುಗನನ್ನೂ ಎಳೆದುಕೊಂಡು
ಕಾಂಪೌಂಡಿನ ಹಿಂದಿನ ತಗ್ಗಿಗೆ ನಡೆಯಿತು,
ಹಿಂದೊಮ್ಮೆ ಹಳ್ಳ ಹರಿದ ಜಾಗ,
ಈಗ ಬರೀ ರಾಡಿ.
ಮುಂಗಾಲು ಮಡಚಿ, ಉಸ್ಸೆಂದು,
ಭಾರವನ್ನೆಲ್ಲ ಕೆಸರಿಗೆ ಒಪ್ಪಿಸಿ ಮಲಗಿತು.
ಹುಡುಗ ಬೈದ, ಜಗ್ಗಿದ,
ಕೊನೆಗೆ ತಾನೂ ಪಕ್ಕದ ಕಲ್ಲಿನ ಮೇಲೆ ಕೂತ.

ನನ್ನ ನಕ್ಷೆಯಲ್ಲಿ ಆ ಜಾಗದ ಮೇಲೆ
ನನ್ನದೇ ಅಕ್ಷರ: ತಗ್ಗು, ಮುಚ್ಚುವುದು.

ಬ್ಲೇಡಿನಿಂದ ಎರಡನೇ ಶಬ್ದ ಕೆರೆದೆ.
ಕಾಗದ ಅಲ್ಲಿ ತೆಳ್ಳಗಾಗಿದೆ, ಬೆಳಕು ಹಾಯುತ್ತದೆ.
ಕೆರೆಯುವಾಗ ಕೈ ತಾಗಿ
ಸ್ಟ್ಯಾಂಪಿನವನ ಮೊಣಕಾಲ ಕೆಳಗಿನ ಶಾಯಿ
ತಗ್ಗಿನವರೆಗೂ ಹರಡಿದೆ.
ಇರಲಿ ಬಿಟ್ಟೆ. ನಾಲ್ಕನೇ ಕಲಂ
ಇನ್ನೂ ತುಂಬಿಲ್ಲ.