ಮತಿ, ಮತ್ತಿ

ಹನ್ನೊಂದು ದಿನವಾಯಿತು ಕಾಳು ಮುಟ್ಟದೆ,
ಅಂದಳು ದೈನಾಬಿ,
ಉಪ್ಪಳದ ಮೃಗಾಸ್ಪತ್ರೆಯ ಜಗಲಿಯಲ್ಲಿ ಗೋಣಿ ಬಿಚ್ಚಿ.
ಒಳಗೆ ಕೆಂಪು ಹೇಂಟೆ,
ಒಡೆದ ಮೀನುಬುಟ್ಟಿ, ಒಂಬತ್ತು ಮೊಟ್ಟೆ ಸಮೇತ.
ರೈಲುಹಳಿ ದಾಟಿ, ಆಟೋದಲ್ಲಿ, ತೊಡೆಯ ಮೇಲಿಟ್ಟುಕೊಂಡು.

ಮುಟ್ಟಿದರೆ ಎದೆಮೂಳೆ ಕತ್ತಿಯ ಬೆನ್ನಿನ ಹಾಗೆ.
ಕಾಯಿಲೆಯಲ್ಲ, ಕಾವು, ಅಂದೆ.
ಕಾವು ನನಗೂ ಗೊತ್ತು ಮಾರಾಯ,
ಕೊಕ್ಕಿನ ಬುಡದಲ್ಲೇ ನುಚ್ಚಕ್ಕಿ ಇಟ್ಟಿದ್ದೇನೆ.
ಇವಳ ಹಸಿವು ಎಲ್ಲಿ ಹೋಯಿತು, ಅದನ್ನು ಹೇಳು.

ನಾನು ಬರೀ ಅಟೆಂಡರ್, ಸೂಜಿ ಎಣಿಸುವವನು.
ಡಾಕ್ಟರ್ ಪ್ರಸೀದ ಕೈ ತೊಳೆಯುತ್ತ ಹೇಳಿದರು:
ಕೋಳಿಯ ಮಿದುಳಿನ ತಳದಲ್ಲಿ
ಮೆಂತ್ಯಕಾಳಿನಷ್ಟು ಜಾಗ.
ಮೈಯ ಸುದ್ದಿಯೆಲ್ಲ ಅಲ್ಲಿಗೆ
ರಕ್ತದಲ್ಲಿ ಚೀಟಿಯಾಗಿ ಬರುತ್ತದೆ.
ಕಾವಿಗೆ ಕೂತವಳ ತಲೆಯಲ್ಲಿ
ತಕ್ಕಡಿಯ ಕಲ್ಲೇ ಬದಲಾಗಿರುತ್ತದೆ,
ಇಷ್ಟು ಸೊರಗಿದರೂ ತೂಕ ಸರಿ ಅನ್ನುತ್ತದೆ.
ಅವಳು ಹಸಿವು ತಡೆದು ಕೂತಿಲ್ಲ.
ಹಸಿವೇ ಅಷ್ಟು ಕಡಿಮೆ.

ದೈನಾಬಿಗೆ ಸ್ವಲ್ಪ ಬೇಜಾರಾಯಿತು.
ಐದು ಹೆತ್ತವಳು, ತಾಯಿ ಅಂದರೆ ಹಾಗೆ ಎಂದು
ಯಾರಾದರೂ ಹೇಳಲಿ ಅಂತ ಬಂದಿದ್ದಳೋ ಏನೋ.

ಇನ್ನೊಂದು ಮಾತೂ ಹೇಳಿದರು.
ಗ್ರೆಲಿನ್ ಅಂತ ಒಂದು ರಸ.
ಇಲಿಯ ತಲೆಗೆ ಹೋದರೆ, ತಿನ್ನು.
ಕೋಳಿಮರಿಯ ತಲೆಗೆ ಅದೇ ಹೋದರೆ, ಸಾಕು.
ಚೀಟಿ ಒಂದೇ, ಓದುವವರು ಬೇರೆ.
ನನಗೆ ನಗು ಬಂತು. ಇದು ನಮ್ಮ ಬೀದಿಯ ಸಮಾಚಾರ:
ನಾವು ಮತಿ ಅಂದರೆ ಬುದ್ಧಿ,
ಗೋಡೆಯಾಚೆ ಮತಿ ಅಂದರೆ ಸಾಕು.

ಮರಿ ಒಡೆದ ಮರುದಿನ ನೋಡಲು ಕರೆದಳು.
ಒಂಬತ್ತರಲ್ಲಿ ಏಳು.
ಹೇಂಟೆ ಬಗ್ಗಿತು, ನುಚ್ಚು ಹೆಕ್ಕಿತು,
ನುಂಗಲಿಲ್ಲ, ಕೆಳಗೆ ಹಾಕಿತು,
ಮತ್ತೆ ಹೆಕ್ಕಿತು, ಮತ್ತೆ ಹಾಕಿತು, ಕ್ಕು ಕ್ಕು ಅನ್ನುತ್ತ.
ಎಷ್ಟನೆಯ ಕಾಳು ಅದರ ಗಂಟಲಿಗಿಳಿಯಿತೋ
ನಾನು ನೋಡಲಿಲ್ಲ.
ನನ್ನ ಮುಂದೆ ಬಸಿ ಬಂದಿತ್ತು,
ಪತ್ತಿರಿ, ಕೆಂಪು ಸಾರಿನಲ್ಲಿ ಮತ್ತಿಮೀನು.

ಹೊಟ್ಟೆಯ ಚೀಟಿ ತಲೆಗೆ ಮುಟ್ಟಲು
ಇಪ್ಪತ್ತು ನಿಮಿಷ ಬೇಕಂತೆ.
ಅಷ್ಟರಲ್ಲಿ ನಾಲ್ಕು ಮೀನು ಮುಗಿದಿತ್ತು.
ಬಾಯಿ ತುಂಬಿಕೊಂಡೇ ಅವಳ ಭಾಷೆಯಲ್ಲಿ
ಮತಿ, ಮತಿ, ಅಂದೆ.
ಅವಳಿಗೆ ಮತ್ತಿ ಎಂದು ಕೇಳಿಸಿತು.
ಇನ್ನೆರಡು ಬಿತ್ತು ಬಸಿಗೆ,
ತಲೆ ಸಮೇತ.

ತಿಂದೆ.